ಮನೆಮಂದಿಯ ದಿನವನ್ನು ಬರೆದು ನೋಡಿ, ಬಿಡುವನ್ನು ಹಂಚಿಕೊಳ್ಳುವ ಬಗೆ

ದಿನದಲ್ಲಿ ಹೊತ್ತೇ ಸಾಲುವುದಿಲ್ಲ ಎನ್ನುವವರನ್ನು, ನಿನ್ನೆ ಮಧ್ಯಾಹ್ನದ ಊಟದಿಂದ ದೀಪ ಹಚ್ಚುವ ಹೊತ್ತಿನವರೆಗೆ ಏನೇನು ಮಾಡಿದಿರಿ ಎಂದು ಕೇಳಿದರೆ, ಬಹಳ ಮಂದಿ ಎರಡು ಮೂರು ಕೆಲಸಗಳ ಹೆಸರು ಹೇಳಿ ನಿಂತುಬಿಡುತ್ತಾರೆ. ದೊಡ್ಡ ಕೆಲಸಗಳು ನೆನಪಿನಲ್ಲಿ ಉಳಿಯುತ್ತವೆ, ಅವುಗಳ ನಡುವಿನ ಹೊತ್ತು ಉಳಿಯುವುದಿಲ್ಲ. ಬಸ್ಸಿಗೆ ಕಾದದ್ದು, ನಳದ ಮುಂದೆ ಕೊಡ ಇಟ್ಟುಕೊಂಡು ನಿಂತದ್ದು, ಒಂದು ಸಂದೇಶ ನೋಡಲೆಂದು ಮೊಬೈಲ್ ತೆಗೆದು ಅದರಲ್ಲೇ ಮುಳುಗಿದ್ದು, ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ದಿನವನ್ನು ಸರಿಪಡಿಸಿಕೊಳ್ಳಬೇಕು ಎನ್ನುವವರು ಹೊಸ ವೇಳಾಪಟ್ಟಿ ಹಾಕಿಕೊಳ್ಳುವುದಕ್ಕೆ ಮೊದಲು, ಈಗ ನಡೆಯುತ್ತಿರುವ ದಿನ ಹೇಗಿದೆ ಎಂಬುದನ್ನು ಬರವಣಿಗೆಯಲ್ಲಿ ಕಾಣಬೇಕು.

ಈ ವಿಷಯದಲ್ಲಿ ಸಿಗುವ ಸಲಹೆಗಳು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯನ್ನು ಉದ್ದೇಶಿಸಿದವು: ಬೇಗ ಏಳಿ, ಪಟ್ಟಿ ಮಾಡಿ, ಮೊಬೈಲ್ ಬಿಡಿ. ಆದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ನಮ್ಮ ಮನೆಗಳಲ್ಲಿ ಒಬ್ಬರ ದಿನ ಇನ್ನೊಬ್ಬರ ದಿನದೊಂದಿಗೆ ಹೆಣೆದುಕೊಂಡಿರುತ್ತದೆ. ಸಂಜೆ ಗಂಡಸರು ಕಟ್ಟೆಯ ಮೇಲೆ ಒಂದು ತಾಸು ಕುಳಿತು ಬರಬೇಕಾದರೆ, ಆ ತಾಸಿನಲ್ಲಿ ಮಕ್ಕಳನ್ನು ನೋಡಿಕೊಂಡು ಒಲೆಯ ಮುಂದೆ ನಿಂತವರು ಮನೆಯಲ್ಲಿ ಇದ್ದೇ ಇರುತ್ತಾರೆ. ಒಬ್ಬರ ಬಿಡುವು ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದು ತಿಳಿಯದೆ ಬಿಡುವನ್ನು ಸರಿದೂಗಿಸಲು ಸಾಧ್ಯವಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಇಲ್ಲಿ ಹೇಳುವ ವಿಧಾನ ಇಡೀ ಮನೆಗೆ ಸೇರಿದ್ದು. ಒಂಟಿಯಾಗಿ ಇರುವವರೂ ಇದನ್ನು ಅನುಸರಿಸಬಹುದು. ಅವರಿಗೆ ಎರಡನೆಯ ಭಾಗದ ಬಹುಪಾಲು ಮಾತು ಅನ್ವಯಿಸುವುದಿಲ್ಲ, ಅಷ್ಟೇ.

ಬರೆಯುವ ಕೆಲಸ

ಇದಕ್ಕೆ ಬೇಕಾದದ್ದು ಗೆರೆ ಹಾಕಿದ ಒಂದು ನೋಟ್‌ಬುಕ್ ಮತ್ತು ಮನೆಯಲ್ಲಿ ಎಷ್ಟು ಜನ ಬರೆಯುತ್ತಾರೋ ಅಷ್ಟು ಪೆನ್ನು. ಒಬ್ಬರ ಒಂದು ದಿನಕ್ಕೆ ಎದುರುಬದುರಿನ ಎರಡು ಪುಟಗಳನ್ನು ಮೀಸಲಿಟ್ಟು, ಅರ್ಧ ತಾಸಿಗೆ ಒಂದು ಗೆರೆಯಂತೆ 48 ಗೆರೆಗಳಿಗೆ ಎಡಬದಿಯಲ್ಲಿ ವೇಳೆಯನ್ನು ಮೊದಲೇ ಬರೆದಿಡಬೇಕು. ದಿನವನ್ನು ಬೆಳಗಿನ ಜಾವ 4ಕ್ಕೆ ಆರಂಭಿಸಿ ಮರುದಿನ ಬೆಳಗಿನ ಜಾವ 4ಕ್ಕೆ ಮುಗಿಸುವುದು ಒಳ್ಳೆಯದು. ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಮೊದಲ ಬಾರಿಗೆ, 2024ರಲ್ಲಿ ಎರಡನೆಯ ಬಾರಿಗೆ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿಯೂ ದಿನವನ್ನು ಹೀಗೆಯೇ 4ರಿಂದ 4ರವರೆಗೆ ಹಿಡಿದು, ಅರ್ಧ ಅರ್ಧ ತಾಸಿನ ಭಾಗಗಳಾಗಿ ಒಡೆದು ಕೇಳಲಾಗಿತ್ತು. ನಡುರಾತ್ರಿ 12ಕ್ಕೆ ದಿನವನ್ನು ಕತ್ತರಿಸಿದರೆ ಒಂದು ರಾತ್ರಿಯ ನಿದ್ದೆ ಎರಡು ಹಾಳೆಗಳಲ್ಲಿ ಹಂಚಿಹೋಗಿ, ಯಾರು ಎಷ್ಟು ಹೊತ್ತಿಗೆ ಮಲಗಿದರು ಎಂಬುದು ಮಸಕಾಗುತ್ತದೆ. ಪಂಚಾಂಗ ನೋಡುವ ಹಿರಿಯರು ಮನೆಯಲ್ಲಿದ್ದರೆ, ಒಂದು ಗೆರೆ ಎಂದರೆ ಗಳಿಗೆಗಿಂತ ತುಸು ಹೆಚ್ಚು ಎಂದು ಹೇಳಿದರೆ ಸಾಕು. 24 ನಿಮಿಷದ ಗಳಿಗೆ, 3 ತಾಸಿನ ಜಾವ ಅವರಿಗೆ ಗಡಿಯಾರಕ್ಕಿಂತ ಹತ್ತಿರದ ಅಳತೆಗಳು.

ಯಾವ ದಿನಗಳನ್ನು ಬರೆಯಬೇಕೆಂಬುದನ್ನು ಯೋಚಿಸಿ ಆರಿಸಬೇಕು. ವಾರವಿಡೀ ಬರೆಯುತ್ತೇವೆಂದು ಹೊರಟವರು ನಡುವೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ದುಡಿಮೆಯ ಒಂದು ಸಾಧಾರಣ ದಿನ, ರಜೆಯ ಒಂದು ದಿನ, ಮತ್ತು ಮನೆಯಲ್ಲಿ ಓಡಾಟ ಹೆಚ್ಚಿರುವ ಒಂದು ದಿನ ಸೇರಿದರೆ ಸಾಕು. ಈ ಮೂರನೆಯದು ನಳಕ್ಕೆ ನೀರು ಬರುವ ದಿನವಾಗಬಹುದು, ಊರಿನ ಸಂತೆಯ ದಿನವಾಗಬಹುದು. ಮದುವೆ, ಜಾತ್ರೆ, ಆಸ್ಪತ್ರೆಯ ಓಡಾಟ ಇರುವ ದಿನಗಳನ್ನು ಬಿಡಬೇಕು. ಮನೆಯವರೆಲ್ಲರೂ ಒಂದೇ ದಿನವನ್ನು ಬರೆಯುವುದು ಅಗತ್ಯ. ಒಬ್ಬರು ಸೋಮವಾರವನ್ನೂ ಇನ್ನೊಬ್ಬರು ಗುರುವಾರವನ್ನೂ ಬರೆದರೆ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪ್ರಯೋಜನ ತಪ್ಪುತ್ತದೆ.

ದಿನಕ್ಕೆ ಮೂರು ಬಾರಿ, ಅಂದರೆ ಬೆಳಗಿನ ತಿಂಡಿಯ ನಂತರ, ಮಧ್ಯಾಹ್ನದ ಊಟದ ನಂತರ, ರಾತ್ರಿ ಮಲಗುವ ಮುನ್ನ ಕುಳಿತು, ಹಿಂದಿನ ಕೆಲವು ತಾಸುಗಳನ್ನು ತುಂಬಿದರೆ ಸಾಕಾಗುತ್ತದೆ. ಎಲ್ಲವನ್ನೂ ರಾತ್ರಿಗೆ ಉಳಿಸಿಕೊಂಡರೆ ಮತ್ತೆ ಅದೇ ನೆನಪಿನ ಕೈಗೆ ಸಿಕ್ಕಿಬೀಳುತ್ತೇವೆ. ಓದುಬರಹ ಬಾರದ ಅಜ್ಜಿಯ ಹಾಳೆಯನ್ನು ಮೊಮ್ಮಕ್ಕಳು ಕೇಳಿ ಬರೆಯಬಹುದು. ಆಗ ‘ಏನು ಮಾಡಿದಿ’ ಎಂದು ಒಟ್ಟಾಗಿ ಕೇಳಿದರೆ ‘ಏನೂ ಮಾಡಿಲ್ಲವ್ವ, ಸುಮ್ಮನ ಕುಂತಿದ್ದೆ’ ಎಂಬ ಉತ್ತರ ಬರುವುದೇ ಹೆಚ್ಚು. ಚಹಾ ಕುಡಿದ ಮೇಲೆ ಏನು ಮಾಡಿದಿರಿ, ಅದಾದ ಮೇಲೆ ಏನು ಎಂದು ಒಂದೊಂದಾಗಿ ಕೇಳಿದರೆ ಶೇಂಗಾ ಸುಲಿದದ್ದು, ಕೂಸನ್ನು ಮಲಗಿಸಿದ್ದು, ಒಣಹಾಕಿದ ಕಾಳಿಗೆ ಕಾವಲು ಕುಳಿತದ್ದು ಎಲ್ಲವೂ ಹೊರಬರುತ್ತವೆ.

ಬರೆಯುವ ಮಾತು ಕೆಲಸವನ್ನು ನೇರವಾಗಿ ಹೇಳಬೇಕು. ‘ಮನೆಗೆಲಸ’ ಎಂದು ನಾಲ್ಕು ಗೆರೆಗೆ ಒಂದೇ ಕಂಸ ಹಾಕಿದರೆ ಮುಂದೆ ಅದನ್ನು ಹಂಚಿಕೊಳ್ಳಲು ಏನೂ ಸಿಗುವುದಿಲ್ಲ. ‘ಪಾತ್ರೆ ತಿಕ್ಕಿದ್ದು’, ‘ಅಕ್ಕಿ ಹಸನು ಮಾಡಿದ್ದು’, ‘ಸ್ಕೂಲ್ ಡ್ರೆಸ್ ಇಸ್ತ್ರಿ ಮಾಡಿದ್ದು’ ಎಂದು ಬರೆದರೆ ಸಿಗುತ್ತದೆ. ‘ಆಫೀಸು’ ಎಂದು ಬರೆಯುವವರು ಅದರೊಳಗಿನ ಚಹಾದ ವಿರಾಮವನ್ನೂ ಹರಟೆಯನ್ನೂ ಬಿಡಿಸಿ ಬರೆಯಬೇಕು. ನಾಚಿಕೆಯಿಂದ ಯಾವುದನ್ನೂ ಮರೆಮಾಚಬಾರದು, ಬರೆಯುತ್ತಿದ್ದೇವೆಂಬ ಕಾರಣಕ್ಕೆ ಆ ದಿನ ವಿಶೇಷವಾಗಿ ಶಿಸ್ತಿನಿಂದ ನಡೆದುಕೊಳ್ಳಲೂ ಬಾರದು.

ಪ್ರತಿ ಗೆರೆಯಲ್ಲಿ ಎರಡು ಅಂಕಣ ಇರಲಿ: ಕೈ ಯಾವ ಕೆಲಸದಲ್ಲಿತ್ತು ಎಂಬುದಕ್ಕೆ ಒಂದು, ಅದೇ ಹೊತ್ತಿನಲ್ಲಿ ಇನ್ನೇನು ನಡೆಯುತ್ತಿತ್ತು ಎಂಬುದಕ್ಕೆ ಇನ್ನೊಂದು. ಈ ಎರಡನೆಯ ಅಂಕಣವನ್ನು ಬೇಡವೆಂದು ಬಿಡುವವರು ಹೆಚ್ಚು, ಆದರೆ ಇಡೀ ದಾಖಲೆಯ ಸತ್ಯ ಇರುವುದು ಅಲ್ಲಿಯೇ. ರಾತ್ರಿ ಏಳರ ಹೊತ್ತಿಗೆ ಜೋಳದ ರೊಟ್ಟಿ ಮಾಡುವವರನ್ನು ಗಮನಿಸಿ. ಕುದಿನೀರು ಹಾಕಿ ನಾದಿದ ಹಿಟ್ಟು ಆರಿದರೆ ರೊಟ್ಟಿ ಬಿರಿಯುತ್ತದೆ, ಆದ್ದರಿಂದ ನಡುವೆ ಏಳುವಂತಿಲ್ಲ. ಒಂದನ್ನು ಬಡಿಯುತ್ತಿರುವಾಗ ಹಂಚಿನ ಮೇಲಿನದಕ್ಕೆ ನೀರು ಸವರಿ ತಿರುವಿಹಾಕಬೇಕು, ಅದರ ನಡುವೆಯೇ ಬಾಗಿಲ ಬಳಿ ಮಗ್ಗಿ ಒಪ್ಪಿಸುತ್ತಿರುವ ಮಗಳಿಗೆ ‘ಏಳೆಂಟ್ಲೆ ಎಷ್ಟವ್ವ, ಇನ್ನೊಮ್ಮೆ ಹೇಳು’ ಎನ್ನಬೇಕು, ಪಕ್ಕದ ಒಲೆಯ ಬೇಳೆ ಉಕ್ಕದಂತೆ ಒಂದು ಕಣ್ಣಿಟ್ಟಿರಬೇಕು. ಹಾಳೆಯಲ್ಲಿ ‘ರೊಟ್ಟಿ’ ಎಂಬ ಒಂದೇ ಮಾತು ಇದ್ದರೆ ಆ ಅರ್ಧ ತಾಸಿನಲ್ಲಿ ಪಾಠ ಹೇಳಿಕೊಟ್ಟದ್ದು ಯಾರ ಲೆಕ್ಕಕ್ಕೂ ಸೇರದೆ ಹೋಗುತ್ತದೆ. ಹಾಗೆಯೇ ಟಿವಿಯ ಮುಂದೆ ಕುಳಿತು ಬಟ್ಟೆ ಮಡಚುತ್ತಿದ್ದವರು ಮೊದಲ ಅಂಕಣದಲ್ಲಿ ಬಟ್ಟೆಯನ್ನು, ಎರಡನೆಯದರಲ್ಲಿ ಟಿವಿಯನ್ನು ಬರೆಯಬೇಕು.

ಮೊಬೈಲಿನ ವಿಷಯದಲ್ಲಿ ಮಾತ್ರ ನೆನಪನ್ನು ನಂಬುವ ಅಗತ್ಯವಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಭಾಗವೂ ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂಬ ಭಾಗವೂ ಇರುತ್ತವೆ. ಯಾವ ಆ್ಯಪ್ ಅನ್ನು ದಿನಕ್ಕೆ ಎಷ್ಟು ನಿಮಿಷ ನೋಡಿದಿರಿ, ಫೋನನ್ನು ಎಷ್ಟು ಬಾರಿ ಕೈಗೆತ್ತಿಕೊಂಡಿರಿ ಎಂಬುದು ಅಲ್ಲಿ ದಾಖಲಾಗಿರುತ್ತದೆ. ರಾತ್ರಿ ಹಾಳೆಯ ಕೆಳಗೆ ಆ ಒಟ್ಟು ಅಂಕಿಯನ್ನು ಬರೆದುಕೊಳ್ಳಬೇಕು. ಅದು ಮೇಲಿನ 48 ಗೆರೆಗಳಲ್ಲಿ ನೀವೇ ಬರೆದ ಮೊಬೈಲ್ ಹೊತ್ತಿಗಿಂತ ಹೆಚ್ಚಿದ್ದರೆ, ಆ ಹೆಚ್ಚಿನ ಭಾಗ ನಿಮಗೆ ತಿಳಿಯದೆಯೇ ಬೇರೆ ಕೆಲಸಗಳ ನಡುವೆ ಸೇರಿಹೋದದ್ದು ಎಂದು ಅರ್ಥ. ಒಂದು ಫೋನನ್ನು ಮನೆಯ ಮೂವರು ಬಳಸುತ್ತಿದ್ದರೆ ಈ ಅಂಕಿ ಯಾರೊಬ್ಬರದೂ ಅಲ್ಲ ಎಂಬುದನ್ನು ಮರೆಯಬಾರದು.

ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಓದುವುದು

ಮೂರು ದಿನಗಳು ತುಂಬಿದ ಮೇಲೆ ಪ್ರತಿ ಗೆರೆಗೂ ಒಂದು ಗುರುತು ಹಾಕಬೇಕು. ನಿದ್ದೆ, ಊಟ, ಸ್ನಾನದಂತಹ ದೇಹದ ಅಗತ್ಯಗಳು, ಸಂಬಳ, ಕೂಲಿ ಅಥವಾ ಆದಾಯ ತರುವ ದುಡಿಮೆ, ಹಣ ಬಾರದ ದುಡಿಮೆ, ಓಡಾಟ ಮತ್ತು ಕಾಯುವಿಕೆ, ಬಿಡುವು. ಈ ಐದು ಗುರುತುಗಳು ಸಾಕು. ಕಾಯುವಿಕೆಯನ್ನು ಬಿಡುವಿನೊಳಗೆ ಸೇರಿಸಬಾರದೆಂದು ವಿಶೇಷವಾಗಿ ಹೇಳುತ್ತೇನೆ. ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ದು ಟೆಂಡರ್ ಆಗುವವರೆಗೆ ಚೀಲಗಳ ಪಕ್ಕದಲ್ಲೇ ಕಾಲ ಕಳೆಯುವ ಸಿರುಗುಪ್ಪ ಕಡೆಯ ರೈತ ಹೊರನೋಟಕ್ಕೆ ಸುಮ್ಮನೆ ಕುಳಿತಿದ್ದಾನೆ, ಆದರೆ ಆ ಹೊತ್ತು ಅವನದಲ್ಲ.

ಹಾಗಾದರೆ ಬಿಡುವು ಯಾವುದು? ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹುಪಾಲು ಗೊಂದಲ ಹೋಗುತ್ತದೆ. ಆ ಹೊತ್ತಿನಲ್ಲಿ ಮಾಡಿದ್ದನ್ನು ನೀವೇ ಆರಿಸಿಕೊಂಡಿರಾ ಎಂಬುದು ಮೊದಲನೆಯದು. ಆ ಹೊತ್ತಿನಲ್ಲಿ ನೀವು ಎದ್ದು ಹೊರಗೆ ಹೋಗಿದ್ದರೆ ಮನೆಯಲ್ಲಿ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲವೇ ಎಂಬುದು ಎರಡನೆಯದು. ಮಲಗಿದ ಕೂಸಿನ ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ತಾಯಿ ಮೊದಲ ಪ್ರಶ್ನೆಗೆ ಹೌದೆನ್ನಬಹುದು, ಎರಡನೆಯದಕ್ಕೆ ಎನ್ನಲಾರಳು. ಅದನ್ನು ಅರ್ಧ ಬಿಡುವೆಂದು ಗುರುತಿಸಿ, ಪಕ್ಕದಲ್ಲಿ ಒಂದು ಚುಕ್ಕೆ ಇಡಬೇಕು.

ಈಗ ಹಾಳೆಗಳನ್ನು ಅಕ್ಕಪಕ್ಕ ಹಾಸಿ, ಒಂದೇ ಗೆರೆಯನ್ನು ಎಡದಿಂದ ಬಲಕ್ಕೆ ಓದಬೇಕು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರ ಮನೆಯ ಸಂಜೆ ಹೀಗಿರಬಹುದು ಎಂದು ಊಹಿಸೋಣ. ಆರೂವರೆಗೆ ಅವರು ಗೆಳೆಯರೊಂದಿಗೆ ಮಿರ್ಚಿ ಬಂಡಿಯ ಮುಂದೆ ನಿಂತಿದ್ದಾರೆ, ಅದೇ ಗೆರೆಯಲ್ಲಿ ಹೆಂಡತಿ ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸುತ್ತ ಕಾಯಿಪಲ್ಲೆ ಹೆಚ್ಚುತ್ತಿದ್ದಾರೆ. ಏಳೂವರೆಗೆ ಅವರು ಟಿವಿಯಲ್ಲಿ ಸುದ್ದಿ ನೋಡುತ್ತಿದ್ದಾರೆ, ಹೆಂಡತಿ ರೊಟ್ಟಿ ಬಡಿಯುತ್ತಿದ್ದಾರೆ, ಅತ್ತೆ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಾರೆ. ಒಂಬತ್ತಕ್ಕೆ ಅವರು ಮೊಬೈಲ್ ಹಿಡಿದು ಮಂಚದ ಮೇಲಿದ್ದಾರೆ, ಹೆಂಡತಿ ಪಾತ್ರೆಗಳನ್ನು ಮುಗಿಸಿ ನಾಳೆಗೆ ಕಾಳು ನೆನೆಹಾಕುತ್ತಿದ್ದಾರೆ. ಗಿರಣಿಯಲ್ಲಿ ಹಗಲೆಲ್ಲ ದುಡಿದು ಬಂದವರಿಗೆ ವಿಶ್ರಾಂತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಂಡತಿಯ ದುಡಿಮೆಯ ದಿನ ಯಾವ ಗೆರೆಯಲ್ಲಿ ಮುಗಿಯಿತು ಎಂದು ಹುಡುಕಿದರೆ, ಅದು ನಿದ್ದೆಯ ಗೆರೆಯೇ ಆಗಿರುತ್ತದೆ.

ಇದು ಒಂದು ಮನೆಯ ಊಹೆಯಷ್ಟೇ ಅಲ್ಲ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಹಣ ಪಡೆಯದೆ ಮಾಡುವ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಪುರುಷರು 88 ನಿಮಿಷಗಳನ್ನೂ ಕೊಟ್ಟಿದ್ದಾರೆ. ಅದೇ ಸಮೀಕ್ಷೆಯಲ್ಲಿ ಸಂಸ್ಕೃತಿ, ಬಿಡುವು, ಸಮೂಹ ಮಾಧ್ಯಮ ಮತ್ತು ಕ್ರೀಡೆಗೆ ಸಂದ ಹೊತ್ತು ಪುರುಷರಿಗೆ 177 ನಿಮಿಷ, ಮಹಿಳೆಯರಿಗೆ 164 ನಿಮಿಷ. ಮನೆಗೆಲಸದಲ್ಲಿ ಮೂರು ತಾಸಿಗಿಂತ ಹೆಚ್ಚಿನ ಅಂತರವಿದ್ದರೂ ಬಿಡುವಿನಲ್ಲಿ ಅಂತರ ಕೇವಲ 13 ನಿಮಿಷ ಎಂಬುದನ್ನು ನೋಡಿ, ಬಿಡುವಿನ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇದೆ ಎಂದು ತೀರ್ಮಾನಿಸುವ ಆಸೆಯಾಗಬಹುದು. ಒಟ್ಟು ಮೊತ್ತವನ್ನು ನೋಡಿದರೆ ಹಾಗೆ ಕಾಣುತ್ತದೆ. ಆ ಮೊತ್ತ ಎಷ್ಟು ತುಂಡುಗಳಲ್ಲಿ ಬಂದಿದೆ ಎಂದು ನಿಮ್ಮದೇ ಮನೆಯ ಹಾಳೆಯಲ್ಲಿ ಎಣಿಸಿದರೆ ಬೇರೆಯೇ ಕಾಣುತ್ತದೆ. ಒಬ್ಬರಿಗೆ ಎರಡೂವರೆ ತಾಸು ಒಂದೇ ಸಂಜೆಯಾಗಿ ಸಿಕ್ಕಿರುತ್ತದೆ. ಇನ್ನೊಬ್ಬರಿಗೆ ಅಷ್ಟೇ ಹೊತ್ತು ಬೆಳಿಗ್ಗೆ ಚಹಾದ ಹದಿನೈದು ನಿಮಿಷ, ಮಧ್ಯಾಹ್ನ ಧಾರಾವಾಹಿಯ ಅರ್ಧ ತಾಸು, ಸಂಜೆ ಬಾಗಿಲಲ್ಲಿ ನೆರೆಯವರೊಂದಿಗೆ ನಿಂತ ಹತ್ತು ನಿಮಿಷ, ಇಂಥ ಹಲವು ಚೂರುಗಳಾಗಿ ಚದುರಿಹೋಗಿರುತ್ತದೆ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯಬಹುದು, ಇಂಥ ಚೂರುಗಳನ್ನು ಕೂಡಿಸಿ ಒಂದು ಸಂಜೆಯನ್ನು ಮಾಡಲಾಗುವುದಿಲ್ಲ.

ಆದ್ದರಿಂದ ಪ್ರತಿ ಹಾಳೆಯ ಕೆಳಗೆ ಎರಡು ಅಂಕಿಗಳನ್ನು ಬರೆಯಬೇಕು: ಬಿಡುವಿನ ಒಟ್ಟು ಗೆರೆಗಳು, ಮತ್ತು ಅಡ್ಡಿಯಿಲ್ಲದೆ ಸತತವಾಗಿ ಬಂದ ಬಿಡುವಿನ ಅತಿ ಉದ್ದನೆಯ ಸಾಲು. ನನಗೆ ಎರಡನೆಯ ಅಂಕಿಯೇ ಮುಖ್ಯವೆನಿಸುತ್ತದೆ. ಇದರ ಜೊತೆಗೆ ನಿದ್ದೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ವಯಸ್ಕರಿಗೆ ರಾತ್ರಿ ಕನಿಷ್ಠ 7 ತಾಸು ಬೇಕೆಂಬುದು ವೈದ್ಯರು ಒಪ್ಪಿದ ಅಳತೆ. ನಿದ್ದೆ ಅದಕ್ಕಿಂತ ಕಡಿಮೆಯಿದ್ದು ಬಿಡುವು ಹೆಚ್ಚಿದ್ದರೆ, ಆ ಬಿಡುವಿನ ಒಂದು ಪಾಲು ನಿದ್ದೆಯಿಂದ ಕಿತ್ತುಕೊಂಡದ್ದು. ರಾತ್ರಿ ಹನ್ನೊಂದರ ನಂತರದ ಮೊಬೈಲ್ ಬಹುಮಟ್ಟಿಗೆ ಈ ಜಾತಿಯದು, ಮತ್ತು ಹಗಲಿನಲ್ಲಿ ತಮ್ಮದೆನ್ನುವ ಒಂದು ತಾಸೂ ಸಿಗದವರೇ ರಾತ್ರಿಯ ಆ ಹೊತ್ತಿಗೆ ಹೆಚ್ಚು ಅಂಟಿಕೊಳ್ಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹಗಲಿನಲ್ಲಿ ಹೊತ್ತು ಮಾಡಿಕೊಟ್ಟರೆ ರಾತ್ರಿ ಫೋನ್ ಇಡುವುದು ಸುಲಭವಾಗುತ್ತದೆ.

ಕೆಲಸವನ್ನು ಪೂರ್ತಿಯಾಗಿ ದಾಟಿಸುವುದು

ಮನೆಯಲ್ಲಿ ಸತತ ಬಿಡುವು ಅತಿ ಕಡಿಮೆ ಇರುವವರು ಯಾರೆಂದು ತಿಳಿದ ಮೇಲೆ, ಅವರಿಗೆ ವಾರದಲ್ಲಿ ಎರಡು ದಿನವಾದರೂ ಅಡ್ಡಿಯಿಲ್ಲದ ಒಂದು ತಾಸನ್ನು ಮೊದಲು ಗೊತ್ತುಮಾಡಬೇಕು. ದಿನ ಮತ್ತು ವೇಳೆಯನ್ನು ನಿಗದಿಪಡಿಸದೆ ‘ಇನ್ನು ಮೇಲೆ ನೀನೂ ಸ್ವಲ್ಪ ವಿಶ್ರಾಂತಿ ತೆಗೆದುಕೋ’ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ಆ ತಾಸಿನಲ್ಲಿ ಬರುವ ಕೆಲಸಗಳನ್ನು ಹಾಳೆಯಿಂದಲೇ ಎತ್ತಿ, ಯಾರು ಮಾಡುತ್ತಾರೆಂದು ಹೆಸರು ಹಿಡಿದು ಬರೆಯಬೇಕು.

ಇಲ್ಲಿ ‘ಸಹಾಯ’ ಮಾಡುವುದಕ್ಕೂ ಕೆಲಸವನ್ನು ವಹಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು. ನಳದ ನೀರಿನ ಕೆಲಸವನ್ನೇ ತೆಗೆದುಕೊಳ್ಳಿ. ನೀರು ಯಾವ ದಿನ ಬರುತ್ತದೆಂದು ಲೆಕ್ಕವಿಡುವುದು, ಹಿಂದಿನ ರಾತ್ರಿ ಡ್ರಮ್ಮು ಬಿಂದಿಗೆಗಳನ್ನು ತೊಳೆದಿಡುವುದು, ಬೆಳಿಗ್ಗೆ ನಳದಲ್ಲಿ ಗಾಳಿಯ ಸದ್ದು ಕೇಳಿದೊಡನೆ ಎದ್ದು ಪೈಪು ಹಚ್ಚುವುದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ತುಂಬುವುದು, ತುಂಬಿದ ಮೇಲೆ ಪೈಪು ಸುತ್ತಿಡುವುದು, ಇಷ್ಟೂ ಸೇರಿ ಒಂದು ಕೆಲಸ. ಹೆಂಡತಿ ಎಬ್ಬಿಸಿ ‘ನೀರು ಬಂದಾವ ನೋಡ್ರಿ’ ಎಂದ ಮೇಲೆ ಎದ್ದು ನಾಲ್ಕು ಕೊಡ ಒಳಗಿಟ್ಟವರು ಸಹಾಯ ಮಾಡಿದ್ದಾರೆ, ನಿಜ. ಆದರೆ ಎಚ್ಚರದ ಹೊಣೆ ಹೆಂಡತಿಯಲ್ಲೇ ಉಳಿದಿದೆ, ಆಕೆಯ ನಿದ್ದೆಯೂ ಮುರಿದಿದೆ. ನೀರನ್ನು ವಹಿಸಿಕೊಂಡವರು ನೀರಿನ ದಿನವನ್ನೂ ತಾವೇ ನೆನಪಿಟ್ಟುಕೊಳ್ಳಬೇಕು. ಮಕ್ಕಳ ಶಾಲೆಯ ಚೀಲ, ಗ್ಯಾಸ್ ಸಿಲಿಂಡರ್, ಅಜ್ಜನ ಬಿಪಿ ಮಾತ್ರೆ, ಕಿರಾಣಿ ಪಟ್ಟಿ, ಇವುಗಳಿಗೂ ಇದೇ ನಿಯಮ. ಹತ್ತು ಕೆಲಸಗಳಲ್ಲಿ ಸ್ವಲ್ಪ ಸ್ವಲ್ಪ ಕೈ ಹಾಕುವುದಕ್ಕಿಂತ ಎರಡು ಕೆಲಸಗಳನ್ನು ಬುಡದಿಂದ ತುದಿಯವರೆಗೆ ವಹಿಸಿಕೊಂಡರೆ ಇನ್ನೊಬ್ಬರ ಹಾಳೆಯಲ್ಲಿ ಗೆರೆಗಳು ನಿಜವಾಗಿ ಖಾಲಿಯಾಗುತ್ತವೆ.

ಹೀಗೆ ವಹಿಸಿಕೊಂಡ ಕೆಲಸ ಮೊದಲ ಕೆಲವು ವಾರ ಒರಟಾಗಿಯೇ ನಡೆಯುತ್ತದೆ. ಮಗ ತಿಕ್ಕಿದ ಪಾತ್ರೆಯನ್ನು ತಾಯಿ ಮತ್ತೆ ತಿಕ್ಕತೊಡಗಿದರೆ ಹೊತ್ತು ಉಳಿಯಲಿಲ್ಲ ಎಂದಷ್ಟೇ ಅಲ್ಲ, ಮಗ ಆ ಕೆಲಸವನ್ನು ಬಿಡುವುದೂ ಖಚಿತ. ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಸುಮ್ಮನೆ ಕುಳಿತುಕೊಳ್ಳುವುದೇ ಅಪರಾಧವೆಂಬ ಭಾವನೆ ಆಳವಾಗಿ ಬೇರೂರಿರುತ್ತದೆ ಎಂಬುದನ್ನೂ ಅರಿತಿರಬೇಕು. 1948ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಪ್ರತಿಯೊಬ್ಬರ ಹಕ್ಕೆಂದು ಹೇಳುತ್ತದೆ. ಆ ‘ಪ್ರತಿಯೊಬ್ಬರ’ಲ್ಲಿ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ ಎಂದು ಅವರಿಗೆ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಹೊರಗಿನ ದುಡಿಮೆಯೇ ಬಿಡುವನ್ನು ನುಂಗುತ್ತಿರುವ ಮನೆಗಳೂ ಇವೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರಿಗೆ ಇನ್ನೊಂದು ತಾಸು ಕುಳಿತರೆ ಇನ್ನಷ್ಟು ರೂಪಾಯಿ ಎಂಬುದು ಕಣ್ಣೆದುರೇ ಇರುತ್ತದೆ, ಆದ್ದರಿಂದ ಏಳುವ ಹೊತ್ತು ತಾನಾಗಿ ಬರುವುದಿಲ್ಲ. ಅಂಥವರು ತಿಂಗಳಿಗೆ ಮನೆಗೆ ಎಷ್ಟು ಬೇಕೆಂಬ ಮೊತ್ತವನ್ನು ಮನೆಯವರೊಂದಿಗೆ ಕುಳಿತು ಮೊದಲೇ ಬರೆದುಕೊಂಡು, ಅದನ್ನು ದಿನದ ಪೀಸುಗಳಿಗೆ ಭಾಗಿಸಿ, ಅಷ್ಟಾದ ಮೇಲೆ ಏಳುವುದನ್ನು ರೂಢಿಸಿಕೊಳ್ಳಬಹುದು. ಸಾಲದ ಕಂತು ಕಟ್ಟಬೇಕಾದವರಿಗೆ ಈ ಮಾತು ಕಠಿಣವಾಗಿ ಕೇಳಿಸುತ್ತದೆಂಬ ಅರಿವು ನನಗಿದೆ. ಅವರು ಕನಿಷ್ಠ ನಿದ್ದೆಯ ಗೆರೆಗಳನ್ನಾದರೂ ಮುಟ್ಟದಿರಲಿ. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿ ಅಕ್ಕಿ ಆಯುವ ಕಾಯಕ ಮಾಡಿಕೊಂಡಿದ್ದ, ಬಸವಣ್ಣನವರ ಕಾಲದ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಕಥೆ ಈ ಕಡೆಯ ಮಕ್ಕಳಿಗೂ ಗೊತ್ತು. ಎಷ್ಟು ಸಾಕು ಎಂಬುದನ್ನು ಆ ಮನೆಯಲ್ಲಿ ಗೊತ್ತುಮಾಡಿದ್ದು ದುಡಿದು ತಂದವನೊಬ್ಬನೇ ಅಲ್ಲ ಎಂಬುದು ನಮ್ಮ ವಿಷಯಕ್ಕೆ ಹತ್ತಿರವಾದ ಸಂಗತಿ.

ಬಿಸಿಲು, ಬೆಳೆ, ಪಾಳಿ

ನಮ್ಮ ಕಡೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಿನ ಹೊತ್ತನ್ನು ಬಿಡುವೆಂದು ಹಾಳೆಯಲ್ಲಿ ಗುರುತಿಸಿದರೂ ಆಗ ನೆರಳಿನಲ್ಲಿ ಬಿದ್ದುಕೊಂಡಿರುವುದರ ಹೊರತು ಬೇರೇನೂ ಆಗದು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಒಂದು ಸಣ್ಣ ನಿದ್ದೆಯನ್ನು ಅಗತ್ಯದ ಲೆಕ್ಕಕ್ಕೆ ಸೇರಿಸಿ, ನಿಜವಾದ ಬಿಡುವನ್ನು ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಆರರ ನಂತರ ಇಟ್ಟುಕೊಳ್ಳಬೇಕು.

ಒಕ್ಕಲುತನದ ಮನೆಗಳಲ್ಲಿ ದಿನದ ಸಮತೋಲಕ್ಕಿಂತ ವರ್ಷದ ಸಮತೋಲ ಹೆಚ್ಚು ಅರ್ಥಪೂರ್ಣ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತದ ನಾಟಿ ಮುಗಿಯುವವರೆಗೆ ಯಾರಿಗೂ ಬಿಡುವಿರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ರಾಯಚೂರು ಕಡೆ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹೆಣ್ಣುಮಕ್ಕಳ ದಿನ ಅಡುಗೆಮನೆಯಲ್ಲಿ ಆರಂಭವಾಗಿ, ಹೊಲದಲ್ಲಿ ಮುಂದುವರಿದು, ಮತ್ತೆ ಅಡುಗೆಮನೆಯಲ್ಲಿ ಮುಗಿಯುತ್ತದೆ. ಅಂಥ ತಿಂಗಳುಗಳಿಗೆ ಬೇರೆ ಏರ್ಪಾಡು ಬೇಕು: ರಾತ್ರಿಯ ಅಡುಗೆಯನ್ನು ಒಂದೇ ಸಾರಿಗೆ ಇಳಿಸುವುದು, ಖಡಕ್ ರೊಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳುವುದು, ಹೊಲದಿಂದ ಎಲ್ಲರೂ ಒಟ್ಟಿಗೆ ಬಂದ ಮೇಲೆ ಎಲ್ಲರೂ ಒಟ್ಟಿಗೇ ಒಳಗಿನ ಕೆಲಸಕ್ಕೆ ಕೈ ಹಾಕುವುದು. ಸುಗ್ಗಿ ಮುಗಿದ ಮೇಲಿನ ವಾರಗಳಲ್ಲಿ ಗಂಡಸರಿಗೆ ಬಿಡುವು ತಾನಾಗಿ ಸಿಗುತ್ತದೆ. ಹಪ್ಪಳ, ಶಾಂಡಿಗೆ, ಖಾರದ ಪುಡಿಯ ಕೆಲಸ ಆಗಲೇ ಬರುವುದರಿಂದ ಹೆಂಗಸರಿಗೆ ಸಿಗುವುದಿಲ್ಲ. ಎರಡನೆಯ ಸುತ್ತಿನ ದಾಖಲೆಯನ್ನು ಆ ವಾರಗಳಲ್ಲಿ ಮಾಡಿದರೆ ಇದು ಕಣ್ಣಿಗೆ ಕಟ್ಟುತ್ತದೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಕೇಂದ್ರದಂಥ ಕಡೆ ಪಾಳಿಯಲ್ಲಿ ದುಡಿಯುವವರು 4ರಿಂದ 4ರ ದಿನವನ್ನು ಬಿಟ್ಟು, ಎದ್ದ ಗಳಿಗೆಯಿಂದ ಮತ್ತೆ ಏಳುವ ಗಳಿಗೆಯವರೆಗೆ ಒಂದು ದಿನವೆಂದು ಬರೆಯಬೇಕು, ಮತ್ತು ಪ್ರತಿ ಪಾಳಿಗೂ ಬೇರೆ ಬೇರೆ ಹಾಳೆ ಇಡಬೇಕು. ರಾತ್ರಿ ಪಾಳಿಯ ವಾರದಲ್ಲಿ ಬಿಡುವಿಗಿಂತ ನಿದ್ದೆಯೇ ಮೊದಲ ಚಿಂತೆಯಾಗಿರಲಿ. ಹಗಲು ಮಲಗುವವರಿಗಾಗಿ ಇಡೀ ಮನೆ ಪಿಸುಮಾತಿನಲ್ಲಿ ನಡೆಯಬೇಕಾಗುತ್ತದೆ, ಅದು ಮಕ್ಕಳ ಆಟವನ್ನು ಹೊರಗಟ್ಟುತ್ತದೆ. ಆ ವಾರದ ಮಕ್ಕಳ ಹಾಳೆಯನ್ನೂ ನೋಡಿ, ಅವರಿಗೆ ಸಂಜೆ ಮೈದಾನದ ಹೊತ್ತನ್ನು ಹೆಚ್ಚಿಸಿಕೊಡುವುದು ನ್ಯಾಯ.

ಸಿಕ್ಕ ಹೊತ್ತನ್ನು ಉಳಿಸಿಕೊಳ್ಳುವುದು

ಹೀಗೆ ಬಿಡಿಸಿಕೊಂಡ ಒಂದು ತಾಸನ್ನು ಯಾವುದಕ್ಕೆ ಕೊಡಬೇಕೆಂಬುದು ಅವರವರ ಇಷ್ಟ. ಏನೂ ಮಾಡದೆ ಅಂಗಳದಲ್ಲಿ ಕುಳಿತಿರುವುದಕ್ಕೂ ಪೂರ್ತಿ ಅಧಿಕಾರವಿದೆ. ಆದರೆ ಅನುಭವದಲ್ಲಿ ಕಂಡುಬರುವ ಸಂಗತಿಯೆಂದರೆ, ಬೇರೆಯವರೊಂದಿಗೆ ದಿನ ಗೊತ್ತುಮಾಡಿಕೊಂಡ ಬಿಡುವು ಉಳಿಯುತ್ತದೆ, ಒಬ್ಬರೇ ಮನಸ್ಸಿನಲ್ಲಿ ಅಂದುಕೊಂಡದ್ದು ಬೇಗ ಕರಗಿಹೋಗುತ್ತದೆ. ವಾರದ ಭಜನೆಗೆ, ಬಯಲಾಟದ ತಾಲೀಮಿಗೆ, ಓಣಿಯ ಹೆಣ್ಣುಮಕ್ಕಳೊಂದಿಗೆ ಗವಿಮಠದ ಕಡೆಗಿನ ಬೆಳಗಿನ ನಡಿಗೆಗೆ ಯಾರೋ ಕಾಯುತ್ತಿರುತ್ತಾರೆ ಎಂಬ ಕಾರಣಕ್ಕೇ ಮನೆಯಿಂದ ಹೊರಡುತ್ತೇವೆ. ಬಳ್ಳಾರಿ ರಾಘವ (1880–1946) ವಕೀಲಿ ವೃತ್ತಿಯಲ್ಲಿದ್ದುಕೊಂಡೇ ನಟರಾಗಿ ರಂಗಭೂಮಿಯಲ್ಲಿ ದೊಡ್ಡ ಎತ್ತರಕ್ಕೆ ಏರಿದವರು. ಬಳ್ಳಾರಿಯ ರಾಘವ ಕಲಾಮಂದಿರ ಇಂದಿಗೂ ಅವರ ಹೆಸರಿನಲ್ಲಿದೆ. ನಾಟಕ ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೆ ತಂಡವಿರುತ್ತದೆ, ತಾಲೀಮಿನ ದಿನವಿರುತ್ತದೆ, ಪ್ರದರ್ಶನದ ತಾರೀಖು ಇರುತ್ತದೆ. ಕಚೇರಿಯ ಕೆಲಸ ಸುಲಭವಾಗಿ ನುಂಗಲಾರದ ಬಿಡುವು ಇಂಥದು. ಓದು, ಹೊಲಿಗೆ, ತೋಟದಂತಹ ಒಂಟಿ ಹವ್ಯಾಸ ಇರುವವರು ಕನಿಷ್ಠ ಒಂದು ಜಾಗವನ್ನಾದರೂ ಗೊತ್ತುಮಾಡಿಕೊಳ್ಳಬೇಕು. ಮನೆಯ ಹೊರಗಿನ ಜಾಗ, ಉದಾಹರಣೆಗೆ ಸಾರ್ವಜನಿಕ ಗ್ರಂಥಾಲಯದ ಮೇಜು, ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿಗೆ ಯಾರೂ ಒಳಗಿನಿಂದ ಕೂಗಿ ಕರೆಯುವುದಿಲ್ಲ.

ಮೊಬೈಲನ್ನು ಪೂರ್ತಿ ನಿಷೇಧಿಸುವ ಮನೆಗಳಲ್ಲಿ ಆ ನಿಯಮ ಬಹಳ ದಿನ ಉಳಿಯುವುದನ್ನು ನಾನು ಕಂಡಿಲ್ಲ. ಹಾಳೆಯಲ್ಲಿ ಅತಿ ಹೆಚ್ಚು ಹೊತ್ತು ತಿಂದ ಒಂದು ಆ್ಯಪ್‌ಗೆ ಮಾತ್ರ ಫೋನಿನಲ್ಲಿಯೇ ದಿನದ ಮಿತಿಯನ್ನು ಹಾಕುವುದು, ರಾತ್ರಿ ಎಲ್ಲರ ಫೋನುಗಳನ್ನೂ ನಡುಮನೆಯಲ್ಲಿ ಒಂದೇ ಕಡೆ ಚಾರ್ಜ್‌ಗೆ ಇಡುವುದು, ಎಬ್ಬಿಸಲು ಬೇರೆ ಅಲಾರಾಂ ಗಡಿಯಾರ ತರುವುದು, ಈ ಮೂರರಿಂದ ಬಹಳಷ್ಟು ಸಾಧಿಸಬಹುದು. ಈ ನಿಯಮ ದೊಡ್ಡವರಿಗೂ ಅನ್ವಯಿಸಬೇಕು. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಸ್ಪಷ್ಟ ಮಿತಿಯನ್ನು ಹೇಳಿದೆ: ಎರಡರಿಂದ ನಾಲ್ಕು ವರ್ಷದವರಿಗೆ ಪರದೆಯ ಮುಂದೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚಿಲ್ಲ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಅಡುಗೆ ಮಾಡುವಾಗ ಕೂಸು ಅಳದಿರಲೆಂದು ಕೈಗೆ ಫೋನ್ ಕೊಡುವ ತಾಯಂದಿರನ್ನು ದೂರುವ ಮೊದಲು, ಆ ಗೆರೆಯಲ್ಲಿ ಮನೆಯ ಉಳಿದವರು ಎಲ್ಲಿದ್ದರು ಎಂದು ಅವರವರ ಹಾಳೆಯನ್ನು ನೋಡಬೇಕು.

ದಾಖಲೆಯನ್ನು ವರ್ಷಕ್ಕೆ ಮೂರು ಬಾರಿ, ಮುಂಗಾರು, ಹಿಂಗಾರು ಮತ್ತು ಬೇಸಿಗೆಯಲ್ಲಿ ಒಂದೊಂದು ಸಲ ಮಾಡಿದರೆ ಸಾಕಾಗುತ್ತದೆ. ಎರಡನೆಯ ಸುತ್ತಿನಿಂದ 48 ಗೆರೆಗಳನ್ನೂ ಲೆಕ್ಕ ಹಾಕುವ ಶ್ರಮ ಬೇಡ. ಪ್ರತಿಯೊಬ್ಬರ ಸತತ ಬಿಡುವಿನ ಉದ್ದ, ನಿದ್ದೆ ಮತ್ತು ಹಣ ಬಾರದ ದುಡಿಮೆ ಎಂಬ ಮೂರು ಅಂಕಿಗಳನ್ನು ಹಳೆಯ ಹಾಳೆಯ ಅಂಕಿಗಳೊಂದಿಗೆ ಹೋಲಿಸಬೇಕು.

ಮನೆಯಲ್ಲಿ ಒಬ್ಬರು ಬರೆಯಲು ಒಪ್ಪದೆ ಇರುವುದು ಉಂಟು, ಅದು ಸಾಮಾನ್ಯವಾಗಿ ಅತಿ ಹೆಚ್ಚು ಬಿಡುವು ಇರುವವರೇ ಆಗಿರುತ್ತಾರೆ. ಅವರ ಪರವಾಗಿ ಬೇರೆಯವರು ಊಹಿಸಿ ಬರೆಯಬಾರದು. ಅದು ಜಗಳಕ್ಕೆ ದಾರಿಯಾಗುತ್ತದೆ, ದಾಖಲೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಅವರ ಎರಡು ಪುಟಗಳನ್ನು ವೇಳೆ ಬರೆದು ಖಾಲಿ ಬಿಟ್ಟು, ಉಳಿದವರು ತಮ್ಮ ತಮ್ಮ ಹಾಳೆಗಳನ್ನು ತುಂಬಿ ಕೆಲಸವನ್ನು ಮುಂದುವರಿಸಬೇಕು. ತಮ್ಮ ಹಾಳೆಯನ್ನು ತುಂಬುತ್ತೇನೆಂದು ಅವರು ಯಾವಾಗ ಕೇಳಿದರೂ ಕೊಡಬೇಕು, ಆಗ ಹಳೆಯ ದಿನವನ್ನು ನೆನಪಿನಿಂದ ತುಂಬಿಸದೆ ಮರುದಿನ ಬೆಳಗಿನ ಜಾವ 4ರಿಂದ ಎಲ್ಲರೂ ಒಟ್ಟಿಗೆ ಹೊಸದಾಗಿ ಆರಂಭಿಸಬೇಕು.